ಕಾಯಲಾರದ ಪಡೆ

ಕಂಪ್ಯೂಟರಿನ ಯುದ್ಧದಾಟಗಳಲ್ಲಿ ಒಂದು ಸೌಲಭ್ಯ ಇರುತ್ತದೆ. ನಿಮ್ಮ ಸೈನ್ಯದ ಒಂದು ಭಾಗವನ್ನು ಆರಿಸಿಕೊಂಡು ಮೂಲೆಯಲ್ಲಿರುವ ಸಣ್ಣ ಗುಂಡಿಯೊಂದನ್ನು ಒತ್ತಿದರೆ, ಆ ತುಕಡಿಗಳು ನಿಮ್ಮ ಕೈಬಿಟ್ಟು ಯಂತ್ರದ ಕೈಗೆ ಹೋಗುತ್ತವೆ. ಅವು ಯಾವಾಗ ನುಗ್ಗಬೇಕು, ಯಾವಾಗ ಹಿಂದೆ ಸರಿಯಬೇಕು, ಯಾರ ಮೇಲೆ ಗುರಿಯಿಡಬೇಕು ಎಂಬುದೆಲ್ಲ ಆಮೇಲೆ ಯಂತ್ರದ ಲೆಕ್ಕ. ನಲವತ್ತು ತುಕಡಿಗಳನ್ನು ಒಬ್ಬನೇ ನಡೆಸಿ ಸುಸ್ತಾದವನಿಗೆ ಇದು ದೊಡ್ಡ ಸಹಾಯ. ಇತಿಹಾಸ ಓದುವವರು ಈ ಗುಂಡಿಯನ್ನು ಸ್ವಲ್ಪ ಹೊತ್ತು ನೋಡಬೇಕು ಅನ್ನುವುದು ನನ್ನ ಅನಿಸಿಕೆ. ಸೈನ್ಯ ಒಬ್ಬನದು, ಅದನ್ನು ನಡೆಸುವ ಬುದ್ಧಿ ಇನ್ನೊಬ್ಬನದು ಎಂಬ ಏರ್ಪಾಡು ಹೊಸದೇನೂ ಅಲ್ಲ. ನಮ್ಮ ಚಿತ್ರದುರ್ಗದ ನಾಯಕರ ಇನ್ನೂರು ವರ್ಷಗಳ ಚರಿತ್ರೆಯೆಲ್ಲ ಹೆಚ್ಚುಕಡಿಮೆ ಆ ಏರ್ಪಾಡಿನದೇ ಕಥೆ.

ಈ ಆಟಗಳ ಮೂಲಕ್ಕೆ ಹೋದರೆ ಒಂದು ವಿಚಿತ್ರ ಕಾಣುತ್ತದೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ 'ಕ್ರೀಗ್‌ಸ್ಪೀಲ್' ಎಂಬ ಆಟವನ್ನು ಅಲ್ಲಿನ ಸೇನಾ ಮುಖ್ಯಸ್ಥರ ಮುಂದೆ ಆಡಿ ತೋರಿಸಿದ. ಅದರಲ್ಲಿ ಆಟಗಾರನಿಗೆ ತನ್ನ ಕಾಯಿಗಳನ್ನು ತಾನೇ ಮುಟ್ಟುವ ಅಧಿಕಾರವೇ ಇರಲಿಲ್ಲ. ಅವನು ಆಜ್ಞೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು. ನಡುವೆ ಕೂತ ಪಂಚನೊಬ್ಬ ಆ ಚೀಟಿ ತುಕಡಿಗೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಎಣಿಸಿ ಕಾಯಿ ನಡೆಸುತ್ತಿದ್ದ. ಯುದ್ಧದಲ್ಲಿ ಯಾವ ಸೇನಾಪತಿಯೂ ತನ್ನ ಸೈನಿಕನ ಕಾಲನ್ನು ತಾನೇ ಎತ್ತಿಡುವುದಿಲ್ಲ ಎಂಬುದು ಆ ಆಟ ಮಾಡಿದವನಿಗೆ ಗೊತ್ತಿತ್ತು. ಕಂಪ್ಯೂಟರ್ ಬಂದಮೇಲೆ ನಾವು ಅದನ್ನು ಮರೆತು, ಪ್ರತಿ ಕುದುರೆಯನ್ನೂ ಮೌಸ್ ಹಿಡಿದು ಎಳೆಯುವ ದೇವರುಗಳಾದೆವು. ಆಸ್ಟ್ರೇಲಿಯಾದ ಪ್ಯಾಂಥರ್ ಗೇಮ್ಸ್‌ನವರಂಥ ಕೆಲವರು ಮಾತ್ರ ಹಳೆಯ ದಾರಿಗೆ ಮರಳಿದರು. ಅವರ ಆಟಗಳಲ್ಲಿ ನೀವು ದೊಡ್ಡ ದಳಕ್ಕೆ ಒಂದು ಗುರಿ ಹೇಳಿದರೆ ಸಾಕು, ಕೆಳಗಿನ ತುಕಡಿಗಳಿಗೆ ದಾರಿ ಹುಡುಕಿ ಹೇಳುವುದು ಯಂತ್ರದ ಉಪನಾಯಕರ ಕೆಲಸ. ಆಜ್ಞೆ ಮುಟ್ಟುವುದೂ ತಡವಾಗಿಯೇ.

ಹೊಳಲ್ಕೆರೆಯಲ್ಲಿರುವ ನನ್ನ ಅಕ್ಕನ ಮಗನಿಗೆ ಇಂಥ ಆಟಗಳ ಹುಚ್ಚು. 2009ರಲ್ಲಿ ಬಂದ 'ಎಂಪೈರ್: ಟೋಟಲ್ ವಾರ್' ಆಟದಲ್ಲಿ ಮೊಘಲರು, ಮರಾಠರು, ಮೈಸೂರಿನವರು ಎಲ್ಲ ಇದ್ದಾರೆ, ಚಿತ್ರದುರ್ಗ ಇಲ್ಲ. ಆ ಸಿಟ್ಟಿಗೋ ಏನೋ, ಸನ್ನಿವೇಶವನ್ನು ನಾವೇ ಕಟ್ಟಿಕೊಳ್ಳಲು ಬಿಡುವ ಇನ್ನೊಂದು ಆಟದಲ್ಲಿ ನಮ್ಮ ಸೀಮೆಯದೇ ಒಂದು ಯುದ್ಧ ಮಾಡೋಣ ಎಂದ. ಪುಸ್ತಕ ನೋಡಿ ಹೇಳುವುದು ನನ್ನ ಪಾಲಿಗೆ ಬಂತು. ನಾನು ಆರಿಸಿದ್ದು 1695ರ ದೊಡ್ಡೇರಿ ಯುದ್ಧವನ್ನು.

ದೊಡ್ಡೇರಿ ಇರುವುದು ಇಂದಿನ ಚಳ್ಳಕೆರೆ ತಾಲ್ಲೂಕಿನಲ್ಲಿ. ದುರ್ಗದ ಹೆಸರು ಕೇಳಿದ ಕೂಡಲೇ ಓಬವ್ವ, ಮದಕರಿ ಎನ್ನುವ ನಾವು ಈ ಊರನ್ನು ನೆನೆಯುವುದು ಕಡಿಮೆ. ಆದರೆ ಔರಂಗಜೇಬನ ದಕ್ಷಿಣದ ಯುದ್ಧಗಳಲ್ಲಿ ಮೊಘಲರಿಗೆ ಅಷ್ಟು ದೊಡ್ಡ ಅವಮಾನವಾದ ಜಾಗಗಳು ಕೆಲವೇ. ಮರಾಠ ಸೇನಾಪತಿ ಸಂತಾಜಿ ಘೋರ್ಪಡೆ ಲೂಟಿಯ ಹೊರೆ ಹೊತ್ತು ಈ ಕಡೆ ಸಾಗುತ್ತಿದ್ದಾನೆಂದು ತಿಳಿದು, ಅವನನ್ನು ತಡೆಯಲು ಸಿರಾದ ಫೌಜುದಾರ ಕಾಸಿಂ ಖಾನನಿಗೆ ಬಾದಶಹನಿಂದ ಅಪ್ಪಣೆ ಬಂತು. ನೆರವಿಗೆ ಖಾನಾಜಾದ್ ಖಾನನೇ ಮೊದಲಾದ ದೊಡ್ಡ ಸರದಾರರೂ ಬಂದರು. ಬಂದ ಅತಿಥಿಗಳಿಗೆ ಕಡಿಮೆಯಾಗಬಾರದೆಂದು ಕಾಸಿಂ ಖಾನ್ ಆದವಾನಿ ಕೋಟೆಯ ಉಗ್ರಾಣದಿಂದ ಬೆಳ್ಳಿ, ಬಂಗಾರ, ಪಿಂಗಾಣಿಯ ಪಾತ್ರೆಗಳನ್ನು ತರಿಸಿದನಂತೆ. ಮರುದಿನದ ಬಿಡಾರಕ್ಕೆಂದು ಅವನ್ನೂ ಡೇರೆಗಳನ್ನೂ ಸುಮಾರು ಎರಡು ಹರಿದಾರಿ ಮುಂದಕ್ಕೆ ಕಳಿಸಿದ.

ಸಂತಾಜಿ ತನ್ನ ಪಡೆಯನ್ನು ಮೂರು ಪಾಲು ಮಾಡಿದ. ಮೊದಲನೆಯದು ಮುಂದೆ ಹೋದ ಡೇರೆಗಳ ಮೇಲೆ ಬಿತ್ತು. ಸುದ್ದಿ ಕೇಳಿದ ಕಾಸಿಂ ಖಾನ್, ಮಲಗಿದ್ದ ಖಾನಾಜಾದನನ್ನು ಎಬ್ಬಿಸದೆ ತಾನೇ ಓಡಿದ. ದಾರಿಯಲ್ಲಿ ಎರಡನೆಯ ಪಾಲು ಅವನನ್ನು ಹಿಡಿದು ನಿಲ್ಲಿಸಿತು. ಎಚ್ಚೆತ್ತ ಖಾನಾಜಾದ್ ಅವನ ಹಿಂದೆ ಧಾವಿಸಿದ. ಬಿಡಾರ ಬರಿದಾಯಿತು. ಅಲ್ಲಿಯವರೆಗೂ ಎಲ್ಲಿಯೂ ಕಾಣಿಸಿಕೊಳ್ಳದೆ ನಿಂತಿದ್ದ ಮೂರನೆಯ ಪಾಲು ಆಗ ಬಂದು ಬರಿದಾದ ಬಿಡಾರವನ್ನು ದೋಚಿತು. ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ಮೊಘಲ್ ಸೈನ್ಯ ದೊಡ್ಡೇರಿಯ ಕೆರೆಯ ಬಳಿ ಸೇರಿತು, ಕೊನೆಗೆ ಅಲ್ಲಿನ ಪುಟ್ಟ ಕೋಟೆಯೊಳಗೆ ಹೊಕ್ಕಿತು. ಒಳಗೆ ಕಾಳಿಲ್ಲ, ಮೇವಿಲ್ಲ. ಮನೆಗಳ ಹುಲ್ಲು ಹೊದಿಕೆಯನ್ನೇ ಎಳೆದು ಪ್ರಾಣಿಗಳಿಗೆ ಹಾಕಿದರು. ಕಾಸಿಂ ಖಾನ್ ಅಲ್ಲೇ ಸತ್ತ. ಅಫೀಮು ಸಿಗದೆ ಸತ್ತನೆಂದು ಒಂದು ಮಾತು, ವಿಷ ಕುಡಿದನೆಂದು ಇನ್ನೊಂದು. ಉಳಿದವರು ಇಪ್ಪತ್ತು ಲಕ್ಷ ರೂಪಾಯಿ ಒಪ್ಪಿಕೊಂಡು ಆನೆ ಕುದುರೆ ಸಾಮಾನು ಸರಂಜಾಮು ಬಿಟ್ಟು ಹೊರಬಂದರು. ಅವರ ನೆರವಿಗೆಂದು ಹೊರಟಿದ್ದ ಹಿಮ್ಮತ್ ಖಾನ್ ಮರುವರ್ಷ ಜನವರಿಯಲ್ಲಿ ಬಸವಾಪಟ್ಟಣದ ಬಳಿ ಸಂತಾಜಿಯೊಡನೆ ಕಾದಾಡುತ್ತ, ಹಣೆಗೆ ಕರ್ನಾಟಕದ ಬಂದೂಕಿನವನೊಬ್ಬನ ಗುಂಡು ತಗಲಿ ಸತ್ತ.

ಇದನ್ನೆಲ್ಲ ಆಟದಲ್ಲಿ ಕಟ್ಟಿದೆವು. ಕೆರೆ, ಕೋಟೆ, ಡೇರೆ ಎಲ್ಲ ಸರಿಯಾಗಿ ಕೂತವು. ಸಂತಾಜಿಯ ಮೂರನೆಯ ಪಾಲು ಹೇಗೂ ಆಟದ ಅರ್ಧದವರೆಗೆ ಸುಮ್ಮನೆ ನಿಲ್ಲಬೇಕಲ್ಲ, "ಮಾವ, ಅದನ್ನ ಕಂಪ್ಯೂಟರ್‌ಗೆ ಬಿಡು, ಅದೇ ಆಡ್ಕೊಳ್ತೈತೆ" ಎಂದ ಹುಡುಗ. ಬಿಟ್ಟೆವು. ಎರಡನೆಯ ಸುತ್ತಿಗೇ ಆ ಪಾಲು ಹೊರಟುಬಿಟ್ಟಿತು. ಎಷ್ಟು ಸಲ ಆಡಿದರೂ ಅಷ್ಟೇ. ಮುಂದೆ ನಡೆಯುತ್ತಿದ್ದ ಜಗಳದೊಳಗೆ ತಲೆ ತೂರಿಸಿ, ಕಾಸಿಂ ಖಾನನ ಪಕ್ಕಕ್ಕೆ ಚೆನ್ನಾಗಿಯೇ ಹೊಡೆದು, ಗೆದ್ದೂ ಗೆಲ್ಲುತ್ತಿತ್ತು ಕೆಲವು ಸಲ. ಆದರೆ ಖಾನಾಜಾದ್ ಬಿಡಾರ ಬಿಟ್ಟು ಕದಲುತ್ತಲೇ ಇರಲಿಲ್ಲ; ದೊಡ್ಡೇರಿಯ ಮುತ್ತಿಗೆ ಆಗುತ್ತಲೇ ಇರಲಿಲ್ಲ.

ಯಾಕೆ ಹೀಗೆ ಎನ್ನುವುದು ಕಷ್ಟದ ಸಂಗತಿಯಲ್ಲ. ಇಂಥ ಆಟಗಳ ಬುದ್ಧಿ ಎಂದರೆ ಹೆಚ್ಚಾಗಿ ಅಂಕಗಳ ಲೆಕ್ಕ. ಒಂದು ತುಕಡಿ ಈಗ ಎಲ್ಲೆಲ್ಲಿ ಹೋಗಬಹುದು, ಅಲ್ಲಿ ಶತ್ರು ಎಷ್ಟು ದೂರ, ಅವನ ಬೆನ್ನು ಸಿಗುತ್ತದೆಯೇ, ನೆಲ ಎತ್ತರವೇ ತಗ್ಗೇ ಎಂದು ಒಂದೊಂದಕ್ಕೂ ಅಂಕ ಹಾಕಿ, ಹೆಚ್ಚು ಬಂದದ್ದನ್ನು ಆರಿಸುತ್ತದೆ. ಸುಮ್ಮನೆ ನಿಲ್ಲುವುದಕ್ಕೆ ಅಂಕ ಸಿಗುವುದು ಕಷ್ಟ. ಎಂಟನೆಯ ಸುತ್ತಿನವರೆಗೆ ಅಲುಗಬೇಡ ಎಂದು ಕಟ್ಟಿಹಾಕಬಹುದು, ನಾವು ಕೊನೆಗೆ ಮಾಡಿದ್ದೂ ಅದನ್ನೇ. ಆದರೆ ಆಗ ಅದು ಕಾಯುವ ಪಡೆಯಲ್ಲ, ಗೂಟಕ್ಕೆ ಕಟ್ಟಿದ ಕುದುರೆ.

ಯಂತ್ರವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಮೂಲೆಯಲ್ಲಿ ನಿಲ್ಲಿಸಿದ ತುಕಡಿಯನ್ನು ನಾವು ಮರೆತಂತೆ ಅದು ಮರೆಯುವುದಿಲ್ಲ. ಬೇರೆ ಬಗೆಯ ಯಂತ್ರಗಳೂ ಇವೆ: 2019ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ 'ಆಲ್ಫಾಸ್ಟಾರ್' ಸ್ಟಾರ್‌ಕ್ರಾಫ್ಟ್ ಎರಡನೆಯ ಆವೃತ್ತಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟಿತು. ಅಂಥದ್ದಕ್ಕೆ ಕಾಯುವುದನ್ನೂ ಕಲಿಸಬಹುದು. ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು ಪ್ರಶ್ನೆ, ಅದು ಬಂದದ್ದು ಯುದ್ಧಭೂಮಿಗೆ ತಡವಾಗಿ ಬಂದ ನಾಲ್ಕನೆಯ ಪಡೆಯಿಂದ.

ಆ ಪಡೆ ಚಿತ್ರದುರ್ಗದ ಭರಮಣ್ಣ ನಾಯಕನದು. ನಾವು ಬಿಚ್ಚುಗತ್ತಿ ಭರಮಣ್ಣ ಎಂದು ಕರೆಯುವವನು. ಮೊಘಲ್ ಬರಹಗಾರರು 'ಕಾಲಾ ಪ್ಯಾದೆ' ಎಂದು ಕರೆದ ಈ ಸೀಮೆಯ ಬಂದೂಕಿನ ಕಾಲಾಳುಗಳನ್ನು ಕಟ್ಟಿಕೊಂಡು ಅವನು ಸಂತಾಜಿಯ ಕಡೆಗೆ ನಿಂತ. ಅವನೇನು ಮರಾಠರ ಸರದಾರನಲ್ಲ. ದುರ್ಗದ ಪಕ್ಕದಲ್ಲೇ, 1687ರಿಂದ, ಸಿರಾದಲ್ಲಿ ಮೊಘಲ್ ಅಧಿಕಾರ ಬಂದು ಕೂತಿತ್ತು. ಅದರ ಒತ್ತಡ ಅವನ ಬೆನ್ನಿಗೇ. ಕಾಸಿಂ ಖಾನ್ ಬಲವಾಗಿರುವಷ್ಟು ದಿನ ಅವನು ಸುಮ್ಮನಿದ್ದ, ಅದೇ ಖಾನ್ ಕೆರೆಯ ದಡದಲ್ಲಿ ಸಿಕ್ಕಿಬಿದ್ದಾಗ ಇಳಿದು ಬಂದ. ಆಟದಲ್ಲಿ ಇವನನ್ನು ಯಾರ ಕೈಗೆ ಕೊಡುವುದು? ನೀಲಿಗೋ ಕೆಂಪಿಗೋ? ಹುಡುಗ ಅವನನ್ನು ಸಂತಾಜಿಯ ಬಣ್ಣದಲ್ಲೇ ಹಾಕಿದ, ಇಂತಿಷ್ಟನೆಯ ಸುತ್ತಿಗೆ ಬರುವ ನೆರವಿನ ಪಡೆ ಎಂದು. ಬೇರೆ ದಾರಿ ಆ ಆಟದಲ್ಲಿರಲಿಲ್ಲ. ಭರಮಣ್ಣ ಕಾದದ್ದು ಸಂತಾಜಿಯ ಆಟ ಗೆಲ್ಲಿಸುವುದಕ್ಕಲ್ಲ. ಅವನಿಗೆ ಬೇರೆಯದೇ ಆಟವೊಂದಿತ್ತು, ಅದರ ಹೆಸರು ದುರ್ಗ. ಆಲ್ಫಾಸ್ಟಾರ್ ಎಷ್ಟೇ ಚತುರವಾಗಿ ಕಾದರೂ ನಮ್ಮದೇ ಆಟವನ್ನು ಗೆಲ್ಲಲು ಕಾಯುತ್ತದೆ.

ಪಾಳೆಯಗಾರಿಕೆ ಎಂಬುದೇ ಇಂಥ ಪಡೆಗಳ ವ್ಯವಸ್ಥೆ. ದೊರೆ ದೂರದಲ್ಲಿರುತ್ತಾನೆ, ಸೀಮೆ ಕೊಟ್ಟು, ಇಷ್ಟು ಕಾಣಿಕೆ ಕೊಡು, ಕರೆದಾಗ ಇಷ್ಟು ಜನ ತಾ, ಉಳಿದದ್ದು ನಿನ್ನ ಬುದ್ಧಿ ಎನ್ನುತ್ತಾನೆ. ದುರ್ಗದ ಮನೆತನ ಶುರುವಾಗುವುದೂ ಹಾಗೆಯೇ. ವಿಜಯನಗರದ ಅರಸರು ತಿಮ್ಮಣ್ಣ ನಾಯಕನನ್ನು ಮೊದಲು ಹೊಳಲ್ಕೆರೆಗೆ ನಾಯಕನನ್ನಾಗಿ ನೇಮಿಸಿದರು, ಅಲ್ಲಿಂದ ಹಿರಿಯೂರಿಗೆ ಬದಲಿಸಿದರು, ಆಮೇಲೆ ಚಿತ್ರದುರ್ಗಕ್ಕೆ. ಇವತ್ತಿನ ತಹಸೀಲ್ದಾರರ ವರ್ಗಾವಣೆಯ ಆಜ್ಞೆ ಓದಿದಂತಿದೆ. ದುರ್ಗದ ಬಂಡೆಗಳನ್ನು ಕಂಡಮೇಲೆ ಮಾತ್ರ ತಿಮ್ಮಣ್ಣ ಅಲ್ಲಿಂದ ಕದಲುವ ಆಸಾಮಿಯಾಗಲಿಲ್ಲ. ಕೋಟೆ ಭದ್ರಮಾಡಿಕೊಂಡ. ಅರಸನ ಸೈನ್ಯವೇ ಅವನ ಮೇಲೆ ಬಂತು.

ಆಗಿನ ಒಂದು ಐತಿಹ್ಯವನ್ನು ಲೂಯಿ ರೈಸ್ ತನ್ನ ಗೆಝೆಟಿಯರಿನಲ್ಲಿ ದಾಖಲಿಸಿದ್ದಾನೆ. ಮುತ್ತಿಗೆ ಹಾಕಿದ ಸೇನಾಪತಿಯ ಕುದುರೆಯನ್ನು ಕದಿಯಲು ತಿಮ್ಮಣ್ಣ ರಾತ್ರಿ ಬಿಡಾರದೊಳಗೆ ನುಸುಳಿದ. ಕುದುರೆ ಕೆದರಿ ಗೂಟ ಕಿತ್ತಿತು, ಕಾಸ್ತಾರ ಎದ್ದ. ತಿಮ್ಮಣ್ಣ ಹುಲ್ಲಿನೊಳಗೆ ಅಡಗಿದ. ನಿದ್ದೆಗಣ್ಣಿನ ಕಾಸ್ತಾರ ಗೂಟವನ್ನು ಮತ್ತೆ ನೆಲಕ್ಕೆ ಹೊಡೆದಾಗ ಅದು ಹುಲ್ಲಿನೊಳಗಿದ್ದ ತಿಮ್ಮಣ್ಣನ ಕೈಯನ್ನೇ ತೂರಿ ನೆಲಕ್ಕಿಳಿಯಿತು. ಅವನು ಉಸಿರೆತ್ತಲಿಲ್ಲ. ಎಲ್ಲ ನಿದ್ದೆಹೋಗುವ ತನಕ ಹಾಗೇ ಬಿದ್ದಿದ್ದು, ಕೈಯನ್ನು ಕತ್ತರಿಸಿಕೊಂಡು ಕುದುರೆಯನ್ನು ಹೊಡೆದುಕೊಂಡು ಹೋದನಂತೆ. ನಡೆದದ್ದೋ ಕಟ್ಟಿದ್ದೋ, ಕಥೆ ಹೇಳಿದ ಜನಕ್ಕೆ ತಮ್ಮ ನಾಯಕನ ದೊಡ್ಡ ಗುಣ ಯಾವುದೆಂಬುದು ಗೊತ್ತಿತ್ತು: ಕತ್ತಿ ಬೀಸುವುದಲ್ಲ, ಅಲುಗದೆ ಇರುವುದು. ಆಮೇಲೆ ಅರಸನಿಗೂ ಅವನಿಗೂ ಸಂಧಿಯಾಯಿತು, ಅವನ ಪಡೆಯನ್ನು ಅರಸ ತನ್ನ ಯುದ್ಧಗಳಿಗೆ ಬಳಸಿಕೊಂಡ. ಕೊನೆಗೆ ಮತ್ತೆ ಮುನಿಸಾಗಿ ತಿಮ್ಮಣ್ಣ ವಿಜಯನಗರದ ಸೆರೆಯಲ್ಲೇ ಸತ್ತ. ಅವನ ಮಗ ಓಬಣ್ಣನ ಕಾಲಕ್ಕೆ ವಿಜಯನಗರವೇ ಬಿದ್ದಿತ್ತು, ಕೇಳುವವರಿರಲಿಲ್ಲ.

ಅಲ್ಲಿಂದ ಮುಂದೆ ದುರ್ಗದವರು ತಾವೇ ಒಡೆಯರಾದರು, ಇನ್ನೊಬ್ಬರ ಕೈಗೆ ಪಡೆ ಕೊಡುವ ಕಷ್ಟ ತಮಗೂ ಬಂತು. 1670ರ ದಶಕದಲ್ಲಿ ಚಿಕ್ಕಣ್ಣ ನಾಯಕ ಹೊಸದುರ್ಗದ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ್ದು ಪಕ್ಕದ ಬಾಗೂರನ್ನು ಹಿಡಿಯುವುದಕ್ಕೆ. ಹೀಗೆ ಹೊಸ ಕೋಟೆಗಳು ಎದ್ದಂತೆಲ್ಲ ಅವನ್ನು ನಡೆಸಲು ದಳವಾಯಿಗಳು ಬೇಕಾದರು. ಹತ್ತು ವರ್ಷ ಕಳೆಯುವುದರೊಳಗೆ ದಳವಾಯಿ ಮುದ್ದಣ್ಣ ಮತ್ತು ಅವನ ತಮ್ಮಂದಿರು ನಾಯಕರನ್ನು ಗದ್ದುಗೆಯಿಂದ ಇಳಿಸುವ, ಏರಿಸುವ ಮಟ್ಟಕ್ಕೆ ಬೆಳೆದರು. ದುರ್ಗದ 'ದಳವಾಯಿ ದಂಗೆ' ಎಂದರೆ ಇದೇ. ತ.ರಾ.ಸು. ಅವರ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಓದಿದವರಿಗೆ ಆ ಕತ್ತಲು ಗೊತ್ತು. ಆ ರಕ್ತಪಾತದ ಕೊನೆಗೆ, 1689ರಲ್ಲಿ, ಗದ್ದುಗೆಗೆ ಬಂದವನೇ ನಮ್ಮ ದೊಡ್ಡೇರಿಯ ಭರಮಣ್ಣ. ಅವನಿಗೆ ಯಾವಾಗ ಸುಮ್ಮನಿರಬೇಕು ಎಂಬುದು ಹೇಗೆ ಗೊತ್ತಿತ್ತು ಎಂದು ಕೇಳುವ ಅಗತ್ಯವಿಲ್ಲ.

ಇದೇ ಗುಣದಿಂದ ದುರ್ಗ ಕೆಟ್ಟದ್ದೂ ಉಂಟು. ಕೊನೆಯ ಮದಕರಿ ನಾಯಕನ ಕಾಲಕ್ಕೆ ಕರೆಯುವ ದೊರೆಗಳು ಇಬ್ಬರು: ಶ್ರೀರಂಗಪಟ್ಟಣದ ಹೈದರಾಲಿ, ಪುಣೆಯ ಪೇಶ್ವೆ. 1763ರಲ್ಲಿ ಬಿದನೂರಿನ ಗದ್ದುಗೆಗೆ ತಾನೇ ಹಕ್ಕುದಾರ ಎಂದ ಒಬ್ಬನನ್ನು ಹೈದರನ ಮುಂದೆ ತಂದು ನಿಲ್ಲಿಸಿ, ಆ ಶ್ರೀಮಂತ ರಾಜ್ಯದ ಮೇಲೆ ದಂಡೆತ್ತಲು ದಾರಿ ತೋರಿದವನು ದುರ್ಗದ ನಾಯಕ. ಅದೇ ನಾಯಕನ ಬೇಡ ಪಡೆ 1770ರಲ್ಲಿ ಮರಾಠರ ಕಡೆಯಿಂದ ನಿಜಗಲ್ಲಿನ ಕೋಟೆ ಹತ್ತಿತು. ಪೇಶ್ವೆ ಮಾಧವರಾಯನ ದೊಡ್ಡ ಸೈನ್ಯ ದಿನಗಟ್ಟಲೆ ಬಡಿದೂ ಹತ್ತಲಾರದ ಹೈದರನ ಕೋಟೆ ಅದು. ಇಂದು ತುಮಕೂರಿನಿಂದ ಬೆಂಗಳೂರಿಗೆ ಹೋಗುವಾಗ ಡಾಬಸ್‌ಪೇಟೆಯ ಬಳಿ ಆ ಬೆಟ್ಟ ಕಾಣುತ್ತದೆ. ಅದನ್ನು ಕೆಳಗಿನಿಂದ ಒಮ್ಮೆ ನೋಡಿದರೆ ಹತ್ತಿದವರ ಬಗ್ಗೆ ಗೌರವ ಹುಟ್ಟುತ್ತದೆ. ಇಬ್ಬರಿಗೂ ಬೇಕಾದ ಪಡೆ, ಇಬ್ಬರೂ ಪೂರಾ ನಂಬದ ಪಡೆ.

1777ರ ಹೊತ್ತಿಗೆ ಮರಾಠರೂ ನಿಜಾಮನೂ ಒಟ್ಟಾಗಿ ಹೈದರನ ಮೇಲೆ ಬರುವ ಸುದ್ದಿ ಹಬ್ಬಿತು. ಹೈದರ್ ಕರೆಕಳಿಸಿದ. ಮದಕರಿ ಹೋಗಲಿಲ್ಲ. ಹೈದರನ ಕಾಲ ಮುಗಿಯಿತು, ಯಾರು ಗೆಲ್ಲುತ್ತಾರೋ ನೋಡೋಣ ಎಂದು ಕಾದ. ಅವನ ಮುತ್ತಾತಂದಿರು ಮಾಡಿದ ಲೆಕ್ಕವೇ. ಈ ಸಲ ಹೈದರನೇ ಉಳಿದುಕೊಂಡ.

ಮುತ್ತಿಗೆ ಎರಡು ಸಲ ಆಯಿತು, 1777ರಲ್ಲಿ ಒಮ್ಮೆ, 1779ರಲ್ಲಿ ಮತ್ತೊಮ್ಮೆ. ಆ ಕಾಲದ್ದೆಂದು ಮಾರ್ಕ್ ವಿಲ್ಕ್ಸ್ ಬರೆದ ಒಂದು ಸಂಗತಿ, ಯಂತ್ರದ ಬುದ್ಧಿಯ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುತ್ತದೆ. ಪ್ರತಿ ಸೋಮವಾರ ಬೇಡರು ದೇವಿಯ ಪೂಜೆ ಮುಗಿಸಿ, ಕೊಂಬು ಊದಿ, ಕೋಟೆಯಿಂದ ಹೊರಗೆ ನುಗ್ಗುತ್ತಿದ್ದರು. ಎರಡನೆಯದೋ ಮೂರನೆಯದೋ ಸಲಕ್ಕೆ ಹೈದರನ ಸೈನಿಕರಿಗೆ ದಿನ ಗೊತ್ತಾಯಿತು, ಹೊತ್ತು ಗೊತ್ತಾಯಿತು, ಕೊಂಬಿನ ದನಿಯೂ ಗೊತ್ತಾಯಿತು. ಆಟದಲ್ಲಾದರೆ ಎದುರಾಳಿಯ ಯಂತ್ರದ ಅಭ್ಯಾಸ ಹೀಗೆ ಸಿಕ್ಕಿಬಿಟ್ಟರೆ ಮುಗಿಯಿತು, ಮುಂದಿನದು ಬರೀ ಬೇಟೆ. ಇಲ್ಲಿ ಹಾಗಾಗಲಿಲ್ಲ. ಯಾವ ಕಡೆಯಿಂದ ಇಳಿಯುತ್ತಾರೆ ಎಂಬುದೊಂದು ಮಾತ್ರ ಗೊತ್ತಾಗುತ್ತಿರಲಿಲ್ಲ, ಅಷ್ಟು ಸಾಕಾಗಿತ್ತು. ಪ್ರತಿ ಸಲವೂ ತಲೆಗಳನ್ನು ಕೊಯ್ದು ತಂದು ದೇವಿಯ ಗುಡಿಯ ಮುಂದೆ ಸಾಲಾಗಿ ಇಡುತ್ತಿದ್ದರು. ಕೋಟೆ ಬಿದ್ದಾಗ ಅಲ್ಲಿ ಎರಡು ಸಾವಿರ ತಲೆಗಳಿದ್ದವು ಎನ್ನುತ್ತಾನೆ ವಿಲ್ಕ್ಸ್. ಆ ಏಳುಸುತ್ತಿನ ಬಂಡೆಗಳ ನಡುವೆ ಓಡಾಡಿದವರಿಗೆ, ಸಾವಿರ ಬಿಲಗಳಲ್ಲಿ ಯಾವುದರಿಂದ ಮನುಷ್ಯ ಹೊರಬರುತ್ತಾನೆಂದು ಎಣಿಸುವುದು ಏನೆಂದು ಅರ್ಥವಾಗುತ್ತದೆ. ಓಬವ್ವನ ಕಥೆಯೂ ಒಂದು ಕಿಂಡಿಯದೇ. ಗಂಡ ಊಟಕ್ಕೆ ಬಂದ ಹೊತ್ತು, ಕೈಗೆ ಸಿಕ್ಕ ಒನಕೆ. ಅವಳಿಗೆ ಯಾರೂ ಆಜ್ಞೆ ಕೊಟ್ಟಿರಲಿಲ್ಲ, ಅವಳು ಯಾವ ಪಡೆಯ ಲೆಕ್ಕದಲ್ಲೂ ಇರಲಿಲ್ಲ.

ಕೋಟೆ ಬಿದ್ದದ್ದು ಹೊರಗಿನ ಫಿರಂಗಿಗಿಂತ ಒಳಗಿನ ಮಾತುಕತೆಯಿಂದ. ನಾಯಕನ ಸೇವೆಯಲ್ಲಿದ್ದ ಸುಮಾರು ಮೂರು ಸಾವಿರ ಮುಸ್ಲಿಂ ಸೈನಿಕರನ್ನು ಹೈದರ್ ಅವರ ಗುರುವಿನ ಮೂಲಕ ಒಲಿಸಿಕೊಂಡ ಎಂಬುದು ವಿಲ್ಕ್ಸನ ವಿವರಣೆ. ಇದನ್ನು ಬರೀ ಮತದ ಕಣ್ಣಿನಿಂದ ಓದುವವರು ಇದ್ದಾರೆ. ನನಗೆ ಅದು ಸಾಲದು.  ಆ ಮೂರು ಸಾವಿರ ಜನವೂ ಕಾದು ನೋಡಿದರು. ಅವರ ನಾಯಕ ಎರಡು ವರ್ಷದ ಹಿಂದೆ ಮಾಡಿದ್ದನ್ನೇ ಅವರು ನಾಯಕನಿಗೆ ಮಾಡಿದರು.

ಮದಕರಿಯನ್ನು ಪರಿವಾರದೊಡನೆ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ಅಷ್ಟಕ್ಕೇ ಹೈದರ್ ನಿಲ್ಲಲಿಲ್ಲ. ಈ ಜನ ಇಲ್ಲಿರುವ ತನಕ ಇನ್ನೊಬ್ಬ ನಾಯಕ ಏಳುತ್ತಾನೆ ಎಂದು ಅವನಿಗೆ ಅನಿಸಿರಬೇಕು. ಇಪ್ಪತ್ತು ಸಾವಿರ ಬೇಡರನ್ನು ಊರು ಬಿಡಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಬೇರೆ ಮಾಡಿ, ಇಸ್ಲಾಮಿಗೆ ಸೇರಿಸಿ, ಕವಾಯತು ಕಲಿಸಿ ದಳಗಳನ್ನಾಗಿ ಮಾಡಿದರು. ಅವಕ್ಕೆ 'ಚೇಲಾ' ದಳಗಳೆಂದು ಹೆಸರು. ಅಪ್ಪನ ಊರಿಲ್ಲ, ಹಳೆಯ ದೇವಿಯಿಲ್ಲ, ಹಿಂದಿರುಗಲು ಬಂಡೆಯಿಲ್ಲ. ಹೇಳಿದ ಕಡೆ ಹೋಗುವ, ಹೇಳಿದ ಹೊತ್ತಿಗೆ ಹೋಗುವ ಪಡೆ. ನಿಜಗಲ್ಲು ಹತ್ತಿದವರ ಮಕ್ಕಳು ಅವರು. ಹೈದರ್ 1782ರಲ್ಲಿ ತೀರಿಕೊಂಡಮೇಲೆ ಆ ದಳಗಳು ಟಿಪ್ಪುವಿನ ಕೈಗೆ ಬಂದವು, ಅವನೂ ಅವನ್ನು ಹಾಗೆಯೇ ನಡೆಸಿಕೊಂಡು ಬಂದ.